ಜಿಪಿಎಸ್ ಹಾಕಿದರೂ ಸಮಯ ಓಲಾಡುತ್ತಿದ್ದರೆ

ಸರ್, ಸಿಂಧನೂರಿನಿಂದ ನೀವು ಕೇಳಿದ್ದು ನೋಡಿದೆ. ಸರಿಯಾದ ಸಮಯ ಸಿಗಲಿ ಅಂತ ನಿಯೋ-6ಎಂ ಅನ್ನೋ ಜಿಪಿಎಸ್ ಮಾಡ್ಯೂಲನ್ನು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೀರಿ, ಆದರೂ ಸಮಯ ಹಿಂದೆಮುಂದೆ ಆಗ್ತಿದೆ, ಅಲ್ವಾ? ಮಾಡ್ಯೂಲ್ ಕೆಟ್ಟಿಲ್ಲ. ಸುಮ್ನೆ ಇನ್ನೊಂದು ತರಿಸಬೇಡಿ.

ನೀವು ಹಾಕಿರೋದು ನಾಲ್ಕೇ ವೈರು. ಮಾಡ್ಯೂಲ್ ಮಾಹಿತಿ ಕಳಿಸೋ ಟಿಎಕ್ಸ್ ವೈರಿನಲ್ಲಿ ಬರೋದು ಬರೀ ಅಕ್ಷರ, ಅಂದರೆ ಸಮಯ, ಜಾಗ ಬರೆದ ಸಾಲುಗಳು. ಅದರ ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 960 ಅಕ್ಷರ. ಮಾಡ್ಯೂಲ್ ಪ್ರತಿ ಸೆಕೆಂಡೂ ನಾನೂರು, ಐನೂರು ಅಕ್ಷರ ಕಳಿಸುತ್ತೆ. ಅದು ಬಂದು ಮುಟ್ಟೋ ಹೊತ್ತಿಗೆ ಅರ್ಧ ಸೆಕೆಂಡು ಹೋಯ್ತು. ಅದರಲ್ಲೂ ಜಿಎಸ್‌ವಿ ಅನ್ನೋ ಸಾಲುಗಳು, ಎಷ್ಟು ಸ್ಯಾಟಲೈಟ್ ಕಾಣುತ್ತವೋ ಅದರ ಮೇಲೆ ಹೆಚ್ಚುಕಮ್ಮಿ ಆಗುತ್ತವೆ. ಓಲಾಟ ಮುಖ್ಯವಾಗಿ ಅಲ್ಲಿಂದಲೇ. ಅವನ್ನು ಆಫ್ ಮಾಡಿ ಸಮಯ, ತಾರೀಕು ಇರೋ ಆರ್‌ಎಂಸಿ ಸಾಲು ಒಂದೇ ಇಟ್ಟುಕೊಂಡರೆ ಅರ್ಧ ಕಾಟ ಕಮ್ಮಿ.

ಉಳಿದರ್ಧಕ್ಕೆ ಐದನೇ ವೈರು ಬೇಕು, ಪಿಪಿಎಸ್, ಅಂದರೆ ಸೆಕೆಂಡಿಗೊಂದು ಪಲ್ಸ್ (ವಿದ್ಯುತ್ ಮಿಡಿತ). ಅದು ಶಾಲೆಯ ಗಂಟೆ ಇದ್ದ ಹಾಗೆ. ಸರಿಯಾದ ಕ್ಷಣಕ್ಕೆ ಬಾರಿಸುತ್ತೆ, ಟೈಮ್ ಎಷ್ಟು ಅಂತ ಹೇಳಲ್ಲ. ಅದನ್ನು ಹೇಳೋಕೆ ಆ ಅಕ್ಷರಗಳೇ ಬೇಕು. ನಾಲ್ಕು ಪಿನ್ನಿನ ನೀಲಿ ಬೋರ್ಡಿನಲ್ಲಿ ಪಿಪಿಎಸ್ ಹೊರಗೆ ಬಂದಿರಲ್ಲ. ಮಾಡ್ಯೂಲಿನ 3ನೇ ಪಿನ್ ನೋಡಿ, ಮಿಣುಕೋ ಎಲ್‌ಇಡಿಗೆ ಹೋಗೋದೂ ಅದೇ. ಅಲ್ಲಿಗೊಂದು ತೆಳು ವೈರ್ ಬೆಸೆದು ಪೈನ ಜಿಪಿಐಒ 18ಕ್ಕೆ, ಅಂದರೆ 12ನೇ ಪಿನ್ನಿಗೆ ಕೊಡಿ. ಪೈ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ತಗುಲಿದರೆ ಹೋಯ್ತು.

ಪೈನ ಸಮಯ ಹೊಂದಿಸೋ ಕ್ರೋನಿ ತಂತ್ರಾಂಶದಲ್ಲಿ ಅಕ್ಷರಗಳ ಸಾಲನ್ನು ನೋಸೆಲೆಕ್ಟ್ ಮಾಡಿ (ನೇರವಾಗಿ ಅದರ ಸಮಯ ಹಿಡಿಯದ ಹಾಗೆ), ಪಿಪಿಎಸ್ಸನ್ನು ಅದಕ್ಕೆ ಲಾಕ್ ಮಾಡಿ, ಅಂದರೆ ಯಾವ ಸೆಕೆಂಡು ಅನ್ನೋದನ್ನು ಮಾತ್ರ ಅದರಿಂದ ತಗೊಳ್ಳಲಿ. ಅದಕ್ಕೂ ಮೊದಲು ದೇಶದ ಅಧಿಕೃತ ಸಮಯ ಕೊಡೋ ದೆಹಲಿಯ ಎನ್‌ಪಿಎಲ್ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಸರ್ವರ್ ಜೊತೆ ಹೋಲಿಸಿ, ಅಕ್ಷರಗಳು ಎಷ್ಟು ತಡ ಬರುತ್ತವೋ ಅಷ್ಟನ್ನು ಕ್ರೋನಿಯ ಆಫ್‌ಸೆಟ್‌ಗೆ, ಅಂದರೆ ತಡ ಸರಿಪಡಿಸೋ ಅಂಕಿಗೆ ತುಂಬಿ. ಇದನ್ನು ಬಿಟ್ಟರೆ ಪಲ್ಸ್ ಪಕ್ಕದ ಸೆಕೆಂಡಿಗೆ ಅಂಟಿಕೊಂಡು, ಸಮಯ ಬಹಳ ಸ್ಥಿರವಾಗಿ ಒಂದು ಸೆಕೆಂಡು ತಪ್ಪು ತೋರಿಸುತ್ತೆ!

ಆಂಟೆನಾ ತಗಡಿನ ಕೆಳಗೆ ಬೇಡ, ಮಾಳಿಗೆ ಮೇಲೆ ಇಡಿ. ಮೊದಲ ಸಲ ಹಚ್ಚಿದಾಗ ಕೆಲವು ಸೆಕೆಂಡು ವ್ಯತ್ಯಾಸ ಕಂಡರೆ ಗಾಬರಿ ಬೇಡ. ಜಿಪಿಎಸ್ ಸಮಯ ಯುಟಿಸಿ ಅನ್ನೋ ವಿಶ್ವ ಸಮಯಕ್ಕಿಂತ 18 ಸೆಕೆಂಡು ಮುಂದಿದೆ, ಆ ಲೆಕ್ಕ ಸ್ಯಾಟಲೈಟಿನಿಂದ 12.5 ನಿಮಿಷಕ್ಕೊಮ್ಮೆ ಬರುತ್ತೆ. ಕಾಲು ಗಂಟೆ ಬಿಡಿ.

ಕರೆಂಟ್ ಹೋಗಿ ಬಂದಾಗ ಪೈಗೆ ಸಮಯ ನೆನಪಿರಲ್ಲ, ಬ್ಯಾಟರಿ ಮೇಲೆ ನಡೆಯೋ ಡಿಎಸ್3231 ಅನ್ನೋ ಗಡಿಯಾರದ ಚಿಪ್ ಹಾಕಿ. ಅಗ್ಗ ಅಂತ ಡಿಎಸ್1307 ತಗೊಂಡರೆ ನಮ್ಮ ರಾಯಚೂರಿನ ಬಿಸಿಲಿಗೆ ತಡೆಯಲ್ಲ. ಅದರ ಕ್ರಿಸ್ಟಲ್ 25 ಡಿಗ್ರಿಗೆ ಹೊಂದಿಸಿದ್ದು. 42 ಡಿಗ್ರಿಯಲ್ಲಿ ದಿನಕ್ಕೆ ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಹಿಂದೆ ಬೀಳುತ್ತೆ. ಬೇಸಿಗೆಯಲ್ಲಿ ಗೋಡೆ ಗಡಿಯಾರ ಹಿಂದೆ ಬೀಳೋದೂ ಇದಕ್ಕೇ.

ಬರೀ ಅಂಗಡಿ ಬಿಲ್ಲಿಗಾದರೆ ಇಷ್ಟೆಲ್ಲ ಬೇಡ, ಇಂಟರ್‌ನೆಟ್ ಸಮಯ ಸಾಕು. ಹುಚ್ಚು ಹಿಡಿದಿದ್ದರೆ ಮಾತ್ರ ಮಾಡಿ. ಕ್ರೋನಿಯ ಪಟ್ಟಿಯಲ್ಲಿ ಪಿಪಿಎಸ್ ಸಾಲಿನ ಮುಂದೆ ನಕ್ಷತ್ರದ ಗುರುತು (ಅದನ್ನೇ ಆರಿಸಿಕೊಂಡಿದೆ ಅಂತ) ಬರದಿದ್ದರೆ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.