ಹೊಸ ತಾರಸಿ, ಹಳೆ ಪಟ್ಟಿ: ಪೈಪಿನ ಬುಡದ ಬಗ್ಗೆ ನಿಮ್ಮ ಪ್ರಶ್ನೆಗಳು

ತಾರಸಿ ಸೋರುತ್ತದೆ ಎಂದು ಬರುವ ಪ್ರಶ್ನೆಗಳಲ್ಲಿ ಪೈಪಿನ ಬುಡದ್ದೇ ಜಾಸ್ತಿ. ಎಷ್ಟು ಸಲ ಹೇಳಿದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಇಳಿಜಾರು, ಗುಡಿಸಿ ತೊಳೆಯುವುದು, ಬಿರುಕು ತುಂಬುವುದು ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ತಾರಸಿಗೆ ಅಂಟಿಸಿದ, ನೀರು ತಡೆಯುವ ಹಳೆ ಶೀಟು ಕಿತ್ತು ಹೊಸದು ಹಾಕಿಸುತ್ತಿದ್ದೇವೆ. ಪೈಪುಗಳ ಬುಡದ ಸುತ್ತ ನೀರು ಇಳಿಯದಂತೆ ಹಾಕಿದ ಹಳೆ ಪಟ್ಟಿ ಗಟ್ಟಿಯಾಗೇ ಇದೆ. ಹೊಸ ಶೀಟನ್ನು ಅಲ್ಲಿವರೆಗೆ ತಂದು, ಸಂದಿಗೆ ಸಿಲಿಕೋನ್ ಹಚ್ಚಿದರೆ ಸಾಕು ಅಂತಾರೆ ಕೆಲಸದವರು. ಸಾಕಾ?

ಸಾಲದು. ಇದಕ್ಕೆ ಒಪ್ಪಲೇಬೇಡಿ.

ಆ ಗಟ್ಟಿ ಪಟ್ಟಿಯನ್ನು ಒಂದು ಕಡೆ ಚಾಕುವಿನಿಂದ ಸೀಳಿ, ಬಿಡಿಸಿ ನೋಡಿ. ಒಳಮೈಯಲ್ಲಿ ಪೈಪಿಗೆ ತಾಗಿದ ಕಡೆ ಮಣ್ಣುಬಣ್ಣದ ಗೆರೆ ಕಂಡರೆ ಅದು ನೀರು ಓಡಾಡಿದ ದಾರಿ. ಕೆಲವು ಕಡೆ ಕೂದಲಿನಷ್ಟು ಸಣ್ಣ ಬೇರುಗಳೂ ಇಳಿದಿರುತ್ತವೆ. ಹೊರಗಿನಿಂದ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಯಾಕೆ ಹೀಗಾಗುತ್ತದೆ? ತಾರಸಿ ಒಂದು ಲೆಕ್ಕದಲ್ಲಿ ಹಿಗ್ಗುತ್ತದೆ, ಪೈಪು ಇನ್ನೊಂದು ಲೆಕ್ಕದಲ್ಲಿ. ಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಿಗ್ಗುವುದು ಕಾಂಕ್ರೀಟಿನ 5–6 ಪಟ್ಟು. 3 ಮೀಟರ್ ಪೈಪಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಉದ್ದ ಸುಮಾರು 5 ಮಿಲಿಮೀಟರ್ ಹೆಚ್ಚಾಗುತ್ತದೆ. ತಣ್ಣಗಾದರೆ ಮತ್ತೆ ಕುಗ್ಗುತ್ತದೆ. ದಿನಾ ಇದೇ ಎಳೆದಾಟ. ಬಿರುಸಾದ ಸಿಮೆಂಟು, ಒಣಗಿದ ಡಾಂಬರು ಇದನ್ನು ತಡೆಯಲಾರವು, ಪೈಪಿನಿಂದ ಬಿಟ್ಟುಕೊಳ್ಳುತ್ತವೆ. ಆ ಕೂದಲೆಳೆಯಷ್ಟು ಸಂದಿಯೇ ಸಾಕು.

ಹಾಗಾಗಿ ಪೈಪಿನ ಬುಡದಲ್ಲಿ ಹಳೆಯದು ಏನೇ ಇದ್ದರೂ ಪೂರ್ತಿ ಕಿತ್ತುಹಾಕಿಸಿ. ಪೈಪಿನ ಮೈ ಮತ್ತು ಸುತ್ತಲಿನ ಕಾಂಕ್ರೀಟು ಎರಡೂ ಕಾಣಬೇಕು. ರಂಧ್ರದಲ್ಲಿ ಪೊಳ್ಳು ಇದ್ದರೆ ಕುಗ್ಗದ ಗ್ರೌಟ್ (ಪೊಳ್ಳು ತುಂಬುವ ಸಿದ್ಧ ಮಿಶ್ರಣ) ತುಂಬಿಸಿ, ಬರೀ ಸಿಮೆಂಟು ಮರಳಲ್ಲ. ಗ್ರೌಟ್ ಪೈಪಿಗೆ ತಾಗುವಲ್ಲಿ ಸುತ್ತಲೂ ಬೆರಳಗಲದ ಕಾಲುವೆ ಬಿಟ್ಟು, ಅದಕ್ಕೆ ಪಾಲಿಯುರೆಥೇನ್ ಸೀಲೆಂಟ್ (ಸಂದಿ ಮುಚ್ಚುವ ಅಂಟು) ತುಂಬಬೇಕು. ಅದು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಪೈಪಿನ ನುಣುಪು ಮೈಯನ್ನು ಮರಳು ಕಾಗದದಿಂದ ಉಜ್ಜಿ, ಒರೆಸಿ, ಅಂಟು ಹಿಡಿಯಲು ಮೊದಲು ಬಳಿಯುವ ಪ್ರೈಮರ್ ಹಚ್ಚಿಸಿ. ಬಹಳ ಜನ ಬಿಟ್ಟುಬಿಡುವ ಕೆಲಸ ಇದೇ, ಅಂಟು ಬಿಡುವುದೂ ಬಹಳ ಸಲ ಇಲ್ಲೇ.

ಆಮೇಲೆ ಪೈಪಿನ ಹೊದಿಕೆ. ಶೀಟಿನದೇ ಕಂಪನಿಯ, ಪೈಪಿಗೆ ತೊಡಿಸುವ ಸಿದ್ಧ ಹೊದಿಕೆ ಸಿಕ್ಕರೆ ಅದನ್ನೇ ಹಾಕಿಸಿ. ಇಲ್ಲದಿದ್ದರೆ ಶೀಟಿಗೆ ಹೊಂದುವ ದ್ರವ ಮೆಂಬ್ರೇನನ್ನು (ಹಚ್ಚಿದ ಮೇಲೆ ಒಣಗಿ ನೀರು ತಡೆಯುವ ಪದರವಾಗುವ ದ್ರವ) ನಡುವೆ ನಾರಿನ ಬಟ್ಟೆ ಇಟ್ಟು ಎರಡು ಕೋಟು ಹಚ್ಚಿಸಿ. ಯಾವುದೇ ಆದರೂ ಹೊದಿಕೆ ಪೈಪಿನ ಮೇಲೆ ಕನಿಷ್ಠ 200 ಮಿಲಿಮೀಟರ್ ಏರಬೇಕು. ಟೈಲ್ಸ್ ಹಾಕುವುದಿದ್ದರೆ ಟೈಲ್ಸ್ ಮೇಲಿಂದ ಅಳೆಯಿರಿ, ಕಾಂಕ್ರೀಟಿನಿಂದಲ್ಲ. ಪೈಪು ಗಿಡ್ಡವಾಗಿದ್ದರೆ ಮೊದಲು ಅದನ್ನು ಎತ್ತರಿಸಿ. ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪು, ಅದರ ಮೇಲೆ ಸೀಲೆಂಟಿನ ಒಂದು ಸುತ್ತು. ಆ ಸುತ್ತು ಹೊರಕ್ಕೆ ಇಳಿಜಾರಾಗಿರಲಿ, ನೀರು ನಿಲ್ಲದಂತೆ.

ಇನ್ನು ಆ ಸಿಲಿಕೋನ್. ಅದು ಕೆಟ್ಟ ವಸ್ತುವಲ್ಲ, ಆದರೆ ಒಮ್ಮೆ ಹಚ್ಚಿದ ಜಾಗಕ್ಕೆ ಆಮೇಲೆ ಬೇರೇನೂ ಸರಿಯಾಗಿ ಹಿಡಿಯುವುದಿಲ್ಲ. ಮುಂದಿನ ರಿಪೇರಿಯನ್ನೂ ಅದು ಕೆಡಿಸುತ್ತದೆ. ಹಳೆ ಡಾಂಬರಿನ ಮೇಲೆ ಪಿವಿಸಿ ಶೀಟು ನೇರವಾಗಿ ಕೂಡಿಸುವುದೂ ಬೇಡ, ಡಾಂಬರು ಶೀಟನ್ನು ಬಿರುಸು ಮಾಡಿ ಹಾಳು ಮಾಡುತ್ತದೆ. ಬೆಂಕಿ ಹಿಡಿದು ಅಂಟಿಸುವ ಶೀಟಾದರೆ ಪಿವಿಸಿ ಪೈಪಿನ ಹತ್ತಿರ ಜ್ವಾಲೆ ತರಲು ಬಿಡಬೇಡಿ. ಸುಮಾರು 80 ಡಿಗ್ರಿಗೇ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಈ ಭಯ ನನಗೆ ಸ್ವಲ್ಪ ಜಾಸ್ತಿಯೇ ಇದೆ, ಇರಲಿ. ಕಾಂಕ್ರೀಟಿನೊಳಗೆ ಸೊಟ್ಟಗಾದ ಪೈಪು ಬದಲಿಸಲು ತಾರಸಿಯನ್ನೇ ಒಡೆಯಬೇಕಾಗುತ್ತದೆ.

ಬಿಳಿ ಸಿಮೆಂಟಿಗೆ ಮರಗೆಲಸದ ಅಂಟು ಕಲಸಿ ಬುಡಕ್ಕೆ ಮೆತ್ತಿದರೆ?

ಬೇಡ. ಆ ಅಂಟು ನೀರಲ್ಲಿ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಇದನ್ನು ಗುಟ್ಟಿನ ಮದ್ದು ಎಂದು ಮಾರುವವರನ್ನು ತಾರಸಿ ಹತ್ತಿಸಬೇಡಿ.

ಕೆಳಗಿನಿಂದ, ಚಾವಣಿ ಕಡೆಯಿಂದ ಸೀಲ್ ಮಾಡಬಹುದಾ?

ಇಲ್ಲ. ನೀರು ಕಾಂಕ್ರೀಟಿನೊಳಗೇ ನಿಂತು ಕಂಬಿಗೆ ತುಕ್ಕು ಹಿಡಿಸುತ್ತದೆ.

ಶೌಚಾಲಯದ ಗಾಳಿ ಪೈಪಿನ ಬಾಯಿ ಮುಚ್ಚಿಬಿಟ್ಟರೆ ಮಳೆನೀರು ಬರಲ್ಲ ಅಲ್ವಾ?

ಮುಚ್ಚಲೇಬಾರದು. ಗಾಳಿ ಓಡಾಡದಿದ್ದರೆ ಟ್ರ್ಯಾಪಿನಲ್ಲಿ, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಪೈಪಿನ ಬಾಗಿನಲ್ಲಿ, ಇರುವ ನೀರು ಎಳೆದುಹೋಗಿ ಗಬ್ಬುವಾಸನೆ ಮನೆಯೊಳಗೆ ಬರುತ್ತದೆ. ಜಾಲರಿ ಇರುವ ಟೋಪಿ ಹಾಕಿ.

ಬಿಸಿ ಹೊಗೆ ಕೊಳವೆಗೂ ಇದೇ ಕ್ರಮವಾ?

ಅಲ್ಲ. ಶೀಟು ಬಿಸಿಗೆ ತಾಗಬಾರದು. ಕೊಳವೆಯ ಸುತ್ತ ಅಂತರ ಬಿಟ್ಟು ಲೋಹದ ಸ್ಲೀವ್ (ಅಗಲದ ಹೊರಗೊಳವೆ) ನಿಲ್ಲಿಸಿ, ಶೀಟನ್ನು ಅದಕ್ಕೆ ಏರಿಸಿ. ಮೇಲೆ ಕೊಳವೆಗೇ ಕಟ್ಟಿದ ಲೋಹದ ಕೊಡೆ ಬೇಕು.

ವಾಟರ್‌ಪ್ರೂಫಿಂಗ್‌ಗೆ ಗ್ಯಾರಂಟಿ ಕೊಟ್ಟಿದ್ದಾರೆ, ಮತ್ತೇಕೆ ಚಿಂತೆ?

ಪೈಪಿನ ಬುಡಗಳೂ ಸೇರಿವೆಯಾ ಎಂದು ಬರಹದಲ್ಲಿ ಕೇಳಿ. ಬಾಯಿಮಾತು ನಂಬಬೇಡಿ.

ಸರಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ಹಚ್ಚಿದ್ದೆಲ್ಲ ಪೂರ್ತಿ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ತೂತು ಕಟ್ಟಿ 25ರಿಂದ 50 ಮಿಲಿಮೀಟರ್ ನೀರು ನಿಲ್ಲಿಸಿ. ಕಟ್ಟಡ ಹಳೆಯದಾದರೆ ಮೊದಲು ಎಂಜಿನಿಯರನ್ನು ಕೇಳಿ, 50 ಮಿಲಿಮೀಟರ್ ನೀರೆಂದರೆ ಚದರ ಮೀಟರಿಗೆ 50 ಕಿಲೋ ಭಾರ. ಕನಿಷ್ಠ 24 ಗಂಟೆ ಬಿಡಿ, 48 ಆದರೆ ಒಳ್ಳೆಯದು. ಕೆಳಗಡೆ ಪ್ರತಿ ಪೈಪಿನ ಸುತ್ತ ಒಣ ಬಟ್ಟೆ ಒತ್ತಿ ನೋಡಿ, ಸ್ವಲ್ಪ ತೇವ ಬಂದರೂ ಕೊನೆ ಕಂತಿನ ಹಣ ಕೊಡಬೇಡಿ.