ಉಪಗ್ರಹ ಇದ್ದರೂ ಬಿದ್ದ ವಿಮಾನ ಹುಡುಕಲು ಎಂಟು ದಿನ ಯಾಕೆ ಬೇಕಾಯಿತು?

2019ರಲ್ಲಿ ಅರುಣಾಚಲದಲ್ಲಿ ಬಿದ್ದ ವಾಯುಪಡೆಯ ಎಎನ್-32 ಸಾಗಣೆ ವಿಮಾನದ ಬಗ್ಗೆ ಕೇಳಿದ್ದೀರಿ. ಸರಿಯಾಗಿ ಹುಡುಕಲಿಲ್ಲವೇ ಅನ್ನುವುದು ನಿಮ್ಮ ಅನುಮಾನ. ದಯವಿಟ್ಟು ಹಾಗೆ ಅನ್ನಬೇಡಿ. ನಾನು ಶಿರಸಿ ಕಡೆಯ ತೋಟದವನು. ಮಳೆಗಾಲದ ಕಾಡಿನಲ್ಲಿ ಹುಡುಕುವ ಕಷ್ಟ ಕಂಡಿದ್ದೇನೆ.

ಕೆಲವು ವರ್ಷದ ಹಿಂದೆ, ಜುಲೈ ತಿಂಗಳು. ಉಪ್ಪಾಗೆ ಕೊಯ್ಯಲು ಬೆಟ್ಟಕ್ಕೆ ಹೋದ ನಮ್ಮೂರಿನ ಒಬ್ಬರು ಕತ್ತಲಾದರೂ ಮನೆಗೆ ಬರಲಿಲ್ಲ. ಮೂವತ್ತು ಜನ ಟಾರ್ಚ್ ಹಿಡಿದು ಕೂಗುತ್ತಾ ಹೋದೆವು. ಅವರು ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಮರದಿಂದ ಬಿದ್ದು, ಕಾಲು ಮುರಿದುಕೊಂಡು ಹಳ್ಳದ ಪಕ್ಕ ಮಲಗಿದ್ದರು. ರಾತ್ರಿ ನಾವು ಅಲ್ಲಿಂದ ಐವತ್ತು ಮಾರು ದೂರದಲ್ಲಿ ಎರಡು ಸಲ ಹಾದುಹೋಗಿದ್ದೆವು! ನಮ್ಮ ಬೆಳಕು ಅವರಿಗೆ ಕಂಡಿತ್ತಂತೆ, ಕೂಗಿದ್ದರಂತೆ. ಮಳೆಯ ಸದ್ದಿನಲ್ಲಿ ನಮಗೆ ಏನೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಓಡಾಡಿದ ಬೆಟ್ಟ ಅದು.

ಆ ವಿಮಾನ ಜೂನ್ 3ರ ಮಧ್ಯಾಹ್ನ ಅಸ್ಸಾಂನ ಜೋರ್ಹಾಟ್‌ನಿಂದ ಹೊರಟಿತ್ತು. ಚೀನಾ ಗಡಿ ಹತ್ತಿರದ ಮೆಚುಕಾಕ್ಕೆ ಹೋಗಬೇಕಿತ್ತು. ಸುಮಾರು ಅರ್ಧ ಗಂಟೆಯಲ್ಲಿ ಸಂಪರ್ಕ ಕಡಿಯಿತು. ಒಳಗೆ 13 ಜನ. ಆ ಕಡೆ ಬರೀ ಕಿರಿದಾದ ಕಣಿವೆಗಳು. ಮೋಡ ಕವಿದರೆ ಎದುರಿಗಿರುವುದು ಮೋಡವೋ ಗುಡ್ಡವೋ ತಿಳಿಯುವುದಿಲ್ಲ. ತಿಳಿದರೂ ವಿಮಾನ ತಿರುಗಿಸಲು ಜಾಗ ಸಾಲುವುದಿಲ್ಲ.

ಇನ್ನು ಉಪಗ್ರಹ. ಸಾಮಾನ್ಯ ಕ್ಯಾಮೆರಾಕ್ಕೆ ಕಾಣುವುದು ಮೋಡದ ಬೆನ್ನು ಅಷ್ಟೇ. ರೇಡಾರ್ ಮೋಡ ದಾಟಿ ನೋಡುತ್ತದೆ, ನಿಜ. ಇಸ್ರೋದ ಅಂಥ ಉಪಗ್ರಹವನ್ನೂ ಬಳಸಿದ್ದರು. ಆದರೆ ದಟ್ಟ ಮರಗಳ ಅಡಿ, ಬಂಡೆಗಳ ನಡುವೆ ಚೂರಾಗಿ ಬಿದ್ದ ಲೋಹ ಗುರುತಿಸುವುದು ಅದಕ್ಕೂ ಕಷ್ಟ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ಟುಪೊಲೆವ್ ವಿಮಾನ ನೋಡಿದ್ದೀರಲ್ವಾ? ಕಡಲು ಕಾಯುವ ಅದರ ಕೆಲಸವನ್ನು ಈಗ ಮಾಡುತ್ತಿರುವುದು ಪಿ-8ಐ ವಿಮಾನ. ಅದನ್ನೂ ತಮಿಳುನಾಡಿನ ಅರಕ್ಕೋಣಂನಿಂದ ಹುಡುಕಾಟಕ್ಕೆ ಕಳಿಸಿದರು. ಸುಮ್ನೆ ಕೂತವರು ಯಾರೂ ಇರಲಿಲ್ಲ.

ಕೊನೆಗೆ ಜೂನ್ 11ರಂದು ಅವಶೇಷ ಕಣ್ಣಿಗೆ ಬಿದ್ದಿದ್ದು ಒಂದು ಹೆಲಿಕಾಪ್ಟರ್‌ನವರಿಗೆ. ಲಿಪೊ ಎಂಬ ಊರಿನಿಂದ 16 ಕಿ.ಮೀ. ಉತ್ತರಕ್ಕೆ, ಸುಮಾರು 12,000 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡರಷ್ಟು. ಅಲ್ಲಿ ಹೆಲಿಕಾಪ್ಟರ್ ಇಳಿಸಲು ಜಾಗವಿಲ್ಲ. ಮರುದಿನ ರಕ್ಷಣಾ ತಂಡವನ್ನು ಮೇಲಿನಿಂದ ಇಳಿಸಿದರು. ಜೂನ್ 13ಕ್ಕೆ ಯಾರೂ ಬದುಕಿಲ್ಲ ಎಂಬ ಸುದ್ದಿ ಬಂತು. ಆಮೇಲೆ ಹವಾಮಾನ ಕೆಟ್ಟು, ಆ ತಂಡದವರೇ ಎರಡು ವಾರಕ್ಕೂ ಜಾಸ್ತಿ ಅಲ್ಲೇ ಸಿಕ್ಕಿಕೊಂಡರು. ಅವರ ಬಗ್ಗೆ ಯಾರೂ ಹೆಚ್ಚು ಮಾತಾಡುವುದೇ ಇಲ್ಲ.

ಎಂಟು ದಿನ ಜಾಸ್ತಿ ಅನ್ನಿಸಿದರೆ ಇನ್ನೊಂದು ಕೇಳಿ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ವಿಮಾನ ಹವಾಮಾನ ಕೆಟ್ಟು ಹಿಂತಿರುಗುವಾಗ ಹಿಮಾಚಲದ ರೋಹ್ತಾಂಗ್ ಬಳಿ ಕಾಣೆಯಾಯಿತು. ಅದರಲ್ಲಿ 102 ಜನ ಇದ್ದರು. ಮೊದಲ ಕುರುಹು ಸಿಕ್ಕಿದ್ದು 2003ರಲ್ಲಿ, ಹಿಮನದಿಯಲ್ಲಿ. 2024ರಲ್ಲೂ ನಾಲ್ವರ ದೇಹ ಸಿಕ್ಕಿತು.

ಜಾಗ ಗೊತ್ತಾದ ಮೇಲೂ ಕೆಲಸ ಮುಗಿಯುವುದಿಲ್ಲ. ನಮ್ಮೂರಿನವರನ್ನು ಕಂಬಳಿಯಲ್ಲಿ ಹೊತ್ತು, ಜಾರುತ್ತಾ ಏಳುತ್ತಾ ರಸ್ತೆಗೆ ತರಲು ಮೂರು ತಾಸು ಹಿಡಿಯಿತು. ದೂರ ಒಂದು ಮೈಲಿಯೂ ಇರಲಿಲ್ಲ.