ಹತ್ತು ನಿಮಿಷದ ಉಪ್ಪಿನಕಾಯಿ, ಮೂರು ವಾರದ ಕೆರೆ

ಪ್ರಶ್ನೆ: ಏಳು ವರ್ಷದಿಂದ ಬ್ಲಾಗ್ ಬರೆಯುತ್ತಿದ್ದೇನೆ. ನಮ್ಮೂರ ಕೆರೆಯ ಬಗ್ಗೆ ಮೂರು ವಾರ ಕೂತು, ಹಳಬರನ್ನೆಲ್ಲ ಮಾತಾಡಿಸಿ ಒಂದು ಲೇಖನ ಬರೆದೆ. ಓದಿದವರು ಹತ್ತೊಂಬತ್ತು ಜನ. ಅಪ್ಪೆಮಿಡಿ ಉಪ್ಪಿನಕಾಯಿ ಯಾಕೆ ಮೆತ್ತಗಾಗುತ್ತೆ ಅಂತ ಹತ್ತು ನಿಮಿಷದಲ್ಲಿ ಗೀಚಿದ್ದಕ್ಕೆ ಸಾವಿರಗಟ್ಟಲೆ ಹಿಟ್ಸ್, ಕಾಮೆಂಟುಗಳ ಜಾತ್ರೆ. ಒಂದು ದಿನ ಮುನ್ನೂರು ಜನ ಬರುತ್ತಾರೆ, ಮಾರನೇ ದಿನ ಇಬ್ಬರು. ಏನಿದರ ಲೆಕ್ಕ? ಬಿಟ್ಟುಬಿಡಲಾ?
– ಸಾಗರದ ಕಡೆಯ ಓದುಗಿ

ಉತ್ತರ: ಮೊದಲು ಆ ಹತ್ತೊಂಬತ್ತನ್ನು ಸರಿಮಾಡಿಕೊಳ್ಳೋಣ. ಪೋಸ್ಟ್ ಹಾಕಿದ ಮೇಲೆ ನೀವೇ ಎಷ್ಟು ಸಲ ತೆರೆದು ನೋಡಿದಿರಿ? ನಿಜ ಹೇಳಿ. ಗೂಗಲ್‌ನ ಬ್ಲಾಗ್ ತಾಣವಾದ 'ಬ್ಲಾಗರ್'ನಲ್ಲಿ ನಮ್ಮ ಸ್ವಂತ ಭೇಟಿ ಎಣಿಸದಂತೆ ಮಾಡುವ ಸೆಟಿಂಗ್ ಇದೆ, ಅದನ್ನು ಹಾಕದಿದ್ದರೆ ನಮ್ಮ ಆಸೆಯೂ ಓದುಗರ ಲೆಕ್ಕಕ್ಕೇ ಸೇರುತ್ತೆ.

ಇನ್ನು ಆ ಮುನ್ನೂರು. ಅವರೆಲ್ಲ ಮನುಷ್ಯರು ಅಂತ ಖುಷಿಪಡಬೇಡಿ. ಜಾಲತಾಣಗಳನ್ನು ತಡಕಾಡಿಕೊಂಡು ತಿರುಗುವ ಪ್ರೋಗ್ರಾಮುಗಳೇ ಬೇಕಾದಷ್ಟಿವೆ. ನನಗೂ ಒಮ್ಮೆ ರಾತ್ರಿ ಬೆಳಗಾಗುವುದರೊಳಗೆ ನಾನೂರು ಹಿಟ್ಸ್ ಬಂದಿತ್ತು. ಕಾಫಿ ತರುತ್ತಿದ್ದ ಹೆಂಡತಿಯನ್ನು ನಿಲ್ಲಿಸಿ ತೋರಿಸಿದೆ. ಎಲ್ಲಿಂದ ಬಂದರು ಅಂತ ನೋಡಿದರೆ ಅಷ್ಟೂ ಒಂದೇ ವಿಚಿತ್ರ ಲಿಂಕಿನಿಂದ. ಕುತೂಹಲಕ್ಕೆ ನಾನು ಅದನ್ನು ಒತ್ತಲಿ ಅಂತಲೇ ಮಾಡಿದ ಉಪಾಯ ಅದು. ಒತ್ತಿದೆ ಕೂಡ. ಯಾವುದೋ ಔಷಧಿ ಮಾರುವ ಅಂಗಡಿ.

ನಿಜವಾದ ಓದುಗರು ಬರುವುದು ಬೇರೆ ಬೇರೆ ಬಾಗಿಲಿನಿಂದ. ನಿಮ್ಮ ಉಪ್ಪಿನಕಾಯಿಗೆ ಬಂದವರು ನಿಮ್ಮನ್ನು ಹುಡುಕಿಕೊಂಡು ಬಂದವರಲ್ಲ. ಮಿಡಿಮಾವಿನ ಕಾಲದಲ್ಲಿ, ಭರಣಿ ಮುಚ್ಚಳ ತೆಗೆದು ಮುಖ ಸಣ್ಣದು ಮಾಡಿಕೊಂಡು, ಗೂಗಲ್‌ನಲ್ಲಿ 'ಉಪ್ಪಿನಕಾಯಿ ಮೆತ್ತಗೆ' ಅಂತ ಒತ್ತಿದವರು, ಅದೂ ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲೇ ಒತ್ತಿದವರು. ಆ ಪೋಸ್ಟ್ ವರ್ಷವರ್ಷವೂ ಮಾವಿನ ಮರದ ಹಾಗೆ ಅದೇ ಕಾಲಕ್ಕೆ ಫಲ ಕೊಡುತ್ತೆ. ಗಣೇಶನ ಹಬ್ಬದ ಹಿಂದಿನ ವಾರ ಕಡುಬಿನ ಪೋಸ್ಟಿಗೂ ಹೀಗೇ ಆಗುತ್ತೆ. ಕೆರೆಯ ಲೇಖನಕ್ಕೆ ನೀವಿಟ್ಟ ಹೆಸರು 'ನೀರು ಮರೆತ ಮಾತು'. ಚಂದ ಇದೆ. ಆದರೆ ಯಾವ ಮನುಷ್ಯ ಇದನ್ನು ಟೈಪ್ ಮಾಡಿ ಹುಡುಕುತ್ತಾನೆ? ಊರಿನ ಹೆಸರು, ಕೆರೆಯ ಹೆಸರು ಎರಡನ್ನೂ ತಲೆಬರಹಕ್ಕೆ ಸೇರಿಸಿ.

ಇನ್ನೊಂದು ಬಾಗಿಲು ಖಾಯಂ ಓದುಗರದು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿದ್ದು ಹಳೇ ಬ್ಲಾಗಿಗರಿಗೆ ನೆನಪಿರುತ್ತೆ. ಪೇಪರ್ ಹಾಕುವ ಹುಡುಗನ ಹಾಗೆ, ನಾವು ಬರೆದದ್ದನ್ನು ಅದು ಓದುಗರ ಮುಂದೆ ತಂದಿಡುತ್ತಿತ್ತು. ಅದು ಹೋದ ಮೇಲೆ ಓದುಗರು ತಾವಾಗಿ ನೆನಪಿಟ್ಟುಕೊಂಡು ಬರಬೇಕಾಯಿತು. ನಾನೇ ಮರೆತ ಬ್ಲಾಗುಗಳು ಎಷ್ಟಿವೆಯೋ, ಇನ್ನೊಬ್ಬರನ್ನು ಏನಂತ ದೂರಲಿ?

ಮೂರನೆಯದು ಯಾರೋ ಹಂಚಿದ್ದರಿಂದ ಆಗುವ ನೂಕುನುಗ್ಗಲು. ಇದರಲ್ಲಿ ಅದೃಷ್ಟದ ಪಾಲು ಜಾಸ್ತಿ, ಇದು ಬರೀ ಸಮಾಧಾನದ ಮಾತಲ್ಲ. ಸಾಲ್ಗನಿಕ್, ಡಾಡ್ಸ್, ವಾಟ್ಸ್ ಅಂತ ಮೂವರು ಸಂಶೋಧಕರು ಮಾಡಿದ ಒಂದು ಪ್ರಯೋಗ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಇಂಟರ್ನೆಟ್‌ನಲ್ಲಿಟ್ಟು, ಕೇಳಲು ಬಂದ 14 ಸಾವಿರಕ್ಕೂ ಹೆಚ್ಚು ಜನರನ್ನು ಗುಂಪುಗುಂಪಾಗಿ ಹಂಚಿದರು. ಒಂದು ಗುಂಪಿಗೆ ಬರೀ ಹಾಡು. ಉಳಿದ ಎಂಟು ಗುಂಪುಗಳಿಗೆ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಅನ್ನುವ ಲೆಕ್ಕವೂ ಕಾಣುತ್ತಿತ್ತು. ಹಾಡುಗಳು ಅವೇ. ಆದರೆ ಒಂದು ಗುಂಪಿನಲ್ಲಿ ಮೇಲೆ ಹೋದ ಹಾಡು ಇನ್ನೊಂದರಲ್ಲಿ ನಡುವೆಲ್ಲೋ ಬಿದ್ದಿರುತ್ತಿತ್ತು. ತೀರಾ ಒಳ್ಳೇದು ತಳ ಸೇರುವುದು ಅಪರೂಪ, ತೀರಾ ಕೆಟ್ಟದ್ದು ಗೆಲ್ಲುವುದೂ ಅಪರೂಪ. ನಡುವಿನದ್ದಕ್ಕೆ ಏನು ಬೇಕಾದರೂ ಆಗಬಹುದಿತ್ತು. ನಾವು ಬರೆಯುವುದರಲ್ಲಿ ಮುಕ್ಕಾಲು ಪಾಲು ಆ ನಡುವಿನದ್ದೇ ಅಲ್ವಾ?

ಕಾಮೆಂಟಿನ ಕತೆ ಬೇರೆ. ನಿಮ್ಮ ಉಪ್ಪಿನಕಾಯಿಯ ಕೆಳಗಿನ ಕಾಮೆಂಟುಗಳನ್ನು ಓದಿ ನೋಡಿದೆ. 'ನೀರು ಸೋಕಿರಬೇಕು.' 'ಉಪ್ಪು ಸಾಲದು.' 'ತೊಟ್ಟು ಬುಡಕ್ಕೇ ಮುರಿದಿದ್ದೀರಿ, ಸೊನೆ ಪೂರ್ತಿ ಹೋಗಿದೆ.' 'ನಮ್ಮಮ್ಮ ಹಾಗೆ ಮಾಡುತ್ತಲೇ ಇರಲಿಲ್ಲ.' ಒಬ್ಬರೂ ನಿಮ್ಮ ಬರಹವನ್ನು ಹೊಗಳಿಲ್ಲ. ನಿಮ್ಮನ್ನು ತಿದ್ದಲು ಬಂದಿದ್ದಾರೆ. ಅಲ್ಲಿ ಪ್ರತಿಯೊಬ್ಬರಿಗೂ ಹೇಳೋಕೆ ಒಂದು ಮಾತಿತ್ತು. ಕೆರೆಯ ಲೇಖನದಲ್ಲಿ ನೀವು ತೂಬಿನಿಂದ ಹಿಡಿದು ಕೋಡಿಯವರೆಗೆ ಎಲ್ಲವನ್ನೂ ಹೇಳಿ ಮುಗಿಸಿದ್ದೀರಿ. ಓದಿದವರು ತಲೆದೂಗಿ ಎದ್ದು ಹೋಗುವುದು ಬಿಟ್ಟು ಇನ್ನೇನು ಮಾಡಬೇಕು? ತಲೆದೂಗಿದ್ದು ಯಾವ ಲೆಕ್ಕದಲ್ಲೂ ಕಾಣಿಸಲ್ಲ. ಹಾಗಂತ ಬೇಕಂತಲೇ ತಪ್ಪು ಬರೆದು ಜನ ಸೇರಿಸಿ ಅಂತ ನಾನು ಹೇಳುತ್ತಿಲ್ಲ, ಅದನ್ನು ಮಾಡುವವರು ಸಾಕಷ್ಟಿದ್ದಾರೆ. ಉಪ್ಪಿನಕಾಯಿ ಪೋಸ್ಟಿನ ಕೊನೆಗೆ ಕೆರೆಯ ಲೇಖನದ ಲಿಂಕ್ ಹಾಕಿ. ಭರಣಿ ಸರಿಯಾದ ಮೇಲೆ ನೂರರಲ್ಲಿ ಒಬ್ಬರಾದರೂ ಆ ಕಡೆ ಹೋದಾರು. ಬಿಡುವ ಮಾತಂತೂ ಬೇಡ. ಆ ಹಳಬರನ್ನು ಮಾತಾಡಿಸಿಟ್ಟವರು ನಿಮ್ಮೂರಲ್ಲಿ ಇನ್ನು ಯಾರಿದ್ದಾರೆ?

ಪ್ರಶ್ನೆ: ನಾನು ಬರೆದದ್ದೇ ನನ್ನ ಹೆಸರಿಲ್ಲದೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ಚಿಕ್ಕಪ್ಪ 'ಯಾರೋ ಎಷ್ಟು ಚೆನ್ನಾಗಿ ಬರೆದಿದ್ದಾರೆ, ನೀನೂ ಹೀಗೆ ಬರಿ' ಅಂದರು. ಬ್ಲಾಗಿನಲ್ಲಿ ನೋಡಿದರೆ ಅದಕ್ಕೆ ಐವತ್ತೂ ಹಿಟ್ಸ್ ಇಲ್ಲ.
– ಹಾಸನದ ಓದುಗ

ಉತ್ತರ: ಚಿಕ್ಕಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಬರಹವನ್ನು ಕಾಪಿ ಮಾಡಿ ಕಳಿಸಿದಾಗ ಅದು ಎಷ್ಟು ಸಾವಿರ ಜನರನ್ನು ಮುಟ್ಟಿದರೂ ನಿಮ್ಮ ಲೆಕ್ಕಕ್ಕೆ ಒಂದೂ ಸೇರಲ್ಲ. ಹೆಸರನ್ನು ಕೊನೆಯಲ್ಲಿ ಹಾಕಿದರೆ ಮೊದಲು ಕತ್ತರಿಸುವುದೇ ಅದನ್ನು. ನಾನು ಈಗ ನಡುವೆಲ್ಲೋ, ಅಜ್ಜಿ ನನ್ನನ್ನು ಹೆಸರು ಹಿಡಿದು ಬೈದ ಹಾಗೆ ಒಂದು ಸಾಲು ಸೇರಿಸುತ್ತೇನೆ. ಅದನ್ನು ತೆಗೆಯಬೇಕಾದರೆ ಕದಿಯುವವರು ಪೂರ್ತಿ ಓದಬೇಕು. ಅಷ್ಟು ತಾಳ್ಮೆ ಅವರಿಗಿಲ್ಲ.

ಪ್ರಶ್ನೆ: ಏನು ಬರೆದರೂ ಒಬ್ಬರು 'ಚೆನ್ನಾಗಿದೆ' ಅಂತ ಮಾತ್ರ ಹಾಕುತ್ತಿದ್ದರು. ಓದಿಯೇ ಇಲ್ಲ ಅಂತ ಸಿಟ್ಟು ಬರುತ್ತಿತ್ತು. ಎರಡು ತಿಂಗಳಿಂದ ಅದೂ ಇಲ್ಲ. ನನ್ನ ಬರಹ ಕೆಟ್ಟಿತಾ?
– ಧಾರವಾಡದ ಓದುಗ

ಉತ್ತರ: ಇಮೇಲ್ ಇದ್ದರೆ 'ಆರಾಮ ಇದ್ದೀರಿ ಅಲ್ರಿ?' ಅಂತ ಒಂದು ಸಾಲು ಹಾಕಿ. ಬರಹದ ಸುದ್ದಿ ಎತ್ತಬೇಡಿ. ನನಗೂ ಇಂಥ ಒಬ್ಬರಿದ್ದರು, ಅವರೂ ಹೀಗೇ ಕಾಣೆಯಾದರು. ವಿಚಾರಿಸಿದರೆ ಕಣ್ಣಿನ ಪೊರೆಯ ಆಪರೇಶನ್ ಆಗಿ, ಮಗಳು ಮೊಬೈಲ್ ಕಿತ್ತಿಟ್ಟಿದ್ದಳಂತೆ. ವಾಪಸ್ ಬಂದವರು ಬಿಟ್ಟುಹೋದ ಆರೂ ಪೋಸ್ಟುಗಳಿಗೆ ಒಂದೇ ಮಧ್ಯಾಹ್ನ 'ಚೆನ್ನಾಗಿದೆ' ಹಾಕಿದರು.